‘ನಾವೇ ನಿನ್ನ ತವರು’ ಎಂದ ಸಭೆ: ಒಂದು ಬಾಣಂತನದ ಪ್ರಕರಣ

ಪ್ರತಿ ಭಾನುವಾರ ನಮ್ಮ ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಮಾತು ಶುರುವಾಗುವುದೇ ‘ಪ್ರಿಯ ಸಹೋದರ ಸಹೋದರಿಯರೇ’ ಎಂದು. ಹೊಸಬರು ಯಾರಾದರೂ ಬಂದರೆ ‘ದೇವರ ಕುಟುಂಬಕ್ಕೆ ಸ್ವಾಗತ’ ಎನ್ನುತ್ತೇವೆ. ನಂಬಿಯೇ ಹೇಳುತ್ತೇವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮನೆಯವರನ್ನು ಕಳೆದುಕೊಂಡ ಒಬ್ಬರು ಆ ಮಾತನ್ನು ನಿಜವೆಂದೇ ಹಿಡಿದುಕೊಂಡು ಬಂದರೆ ಯಾರ ಬಾಗಿಲು ತೆರೆಯುತ್ತದೆ? ಯಾರ ಅಡುಗೆಮನೆ? ರಾತ್ರಿ ಎರಡು ಗಂಟೆಗೆ ಯಾರ ಫೋನು? ನಮ್ಮ ಸಭೆಯಲ್ಲಿ ಈ ಪ್ರಶ್ನೆ ಒಂದು ಚೊಚ್ಚಲ ಹೆರಿಗೆಯ ರೂಪದಲ್ಲಿ ಬಂತು. ಏನು ನಡೆಯಿತು, ಯಾವ ತೀರ್ಮಾನ ಎಲ್ಲಿ ತಿರುಗಿತು ಎಂಬುದನ್ನು ಬೇರೆ ಸಭೆಯವರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ನಾನು ಇಲ್ಲಿಯ ಸ್ತ್ರೀಯರ ಕೂಟದಲ್ಲಿರುವವಳು. ಆ ಹುಡುಗಿ, ಅವಳ ಗಂಡ, ಅವಳನ್ನು ಇಟ್ಟುಕೊಂಡ ಮನೆಯವರು, ಎಲ್ಲರ ಒಪ್ಪಿಗೆ ಕೇಳಿಯೇ ಬರೆದಿದ್ದೇನೆ. ಊರು, ಹೆಸರು, ಗುರುತು ಸಿಗುವ ಕೆಲವು ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ.

ಹಿನ್ನೆಲೆ

ನಮ್ಮದು ಉತ್ತರ ಕರ್ನಾಟಕದ ಒಂದು ಊರು. ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನಿಂದ ಬೆಳೆದ ಹಳೆಯ ಸಭೆ. ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ. ಆ ಕಾಲದಲ್ಲಿ ಕ್ರೈಸ್ತರಾದವರು ಮನೆ, ಜಾತಿ, ಕಸುಬು ಮೂರನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಿದ್ದರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದಾಗ ಊರಿಗೆ ಊರೇ ಎದ್ದು ನಿಂತಿತ್ತು. ಅವರು ಬಾಸೆಲ್‌ಗೆ ಹೋಗಿ ಓದಿ ಮಿಷನರಿಯಾಗಿ ವಾಪಸ್ಸು ಬಂದದ್ದು ಆಮೇಲಿನ ಕಥೆ. ಮಿಷನ್ನಿನವರು ನೇಯ್ಗೆ ಕಾರ್ಖಾನೆ ತೆಗೆದರು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದರು. ಮನೆಯಿಂದ ಹೊರಬಿದ್ದವರಿಗೆ ಅನ್ನ ಬೇಕಿತ್ತು ಎಂಬುದು ಅದರ ಹಿಂದಿನ ಒಂದು ದೊಡ್ಡ ಕಾರಣ. ಆಗಿನವರಿಗೆ ಮಿಷನ್ ಕಾಂಪೌಂಡೇ ಊರು, ಅಲ್ಲಿದ್ದವರೇ ನೆಂಟರು.

ಈಗ ಹಾಗಿಲ್ಲ. ನಮ್ಮ ಸಭೆಯಲ್ಲಿ ಹೆಚ್ಚಿನವರು ನಾಲ್ಕನೆಯ, ಐದನೆಯ ತಲೆಮಾರಿನ ಕ್ರೈಸ್ತರು. ಅಕ್ಕ ಹುಬ್ಬಳ್ಳಿಯ ಸಭೆಯಲ್ಲಿ, ಸೋದರಮಾವ ಗದಗಿನಲ್ಲಿ, ಬೀಗರು ಇದೇ ಓಣಿಯಲ್ಲಿ. ಸಭೆಯೂ ರಕ್ತಸಂಬಂಧವೂ ಒಂದರೊಳಗೊಂದು ಬೆರೆತುಹೋಗಿವೆ. ಹಾಗಾಗಿ ‘ಸಭೆಯೇ ಕುಟುಂಬ’ ಎಂಬ ಮಾತಿಗೆ ನಾವು ಕೈಯಿಂದ ಏನನ್ನೂ ಕೊಡಬೇಕಾಗಿ ಬಂದಿರಲಿಲ್ಲ. ಈ ಪ್ರಕರಣದಲ್ಲಿ ಆದ ಎಷ್ಟೋ ಎಡವಟ್ಟುಗಳ ಬೇರು ಇಲ್ಲೇ ಇದೆ ಎಂದು ನನಗೆ ಅನಿಸುತ್ತದೆ.

ಹುಡುಗಿಯ ವಿಷಯಕ್ಕೆ ಬರುತ್ತೇನೆ. ಹಳ್ಳಿಯಲ್ಲಿ ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳು. ನರ್ಸಿಂಗ್ ಓದಲು ಊರಿಗೆ ಬಂದಳು. ಹಾಸ್ಟೆಲ್ಲಿನಲ್ಲಿ ಜೊತೆಯಲ್ಲಿದ್ದ ಹುಡುಗಿಯರ ಪ್ರಾರ್ಥನೆಗೆ ಕೂರತೊಡಗಿದಳು, ಮೂರು ವರ್ಷ ಕೂತು, ಕೇಳಿ, ಓದಿ, ತಾನಾಗಿಯೇ ಅಯ್ಯನವರ ಹತ್ತಿರ ಬಂದು ದೀಕ್ಷಾಸ್ನಾನ ಕೇಳಿದಳು. ಅಯ್ಯನವರು ಎಂದರೆ ನಮ್ಮ ಕಡೆ ಸಭಾಪಾಲಕರು. ಅವರು ‘ಮನಿಯವರಿಗೆ ಹೇಳೀಯೇನು?’ ಎಂದು ಮೊದಲು ಕೇಳಿದರು. ಅವಳು ಊರಿಗೆ ಹೋಗಿ ಹೇಳಿದಳು. ಅಪ್ಪ ‘ಇನ್ನು ಈ ಹೊಸ್ತಿಲ ತುಳೀಬ್ಯಾಡ’ ಎಂದರು. ಅವ್ವ ಏನೂ ಮಾತಾಡಲಿಲ್ಲವಂತೆ. ಅಲ್ಲಿಂದ ಮುಂದೆ ಊರಿನ ಬಾಗಿಲು ಮುಚ್ಚಿತು.

ಕೆಲವು ವರ್ಷದ ಮೇಲೆ ಪಕ್ಕದ ತಾಲೂಕಿನ ಸಭೆಯ ಒಬ್ಬ ಹುಡುಗನ ಜೊತೆ ಮದುವೆ ಕೂಡಿಬಂತು. ಹುಡುಗ ಒಳ್ಳೆಯವನು. ಮಾತುಕತೆಯ ದಿನ ಹುಡುಗನ ಸೋದರತ್ತೆ ನೇರವಾಗಿ ಕೇಳಿದರು: ‘ಹೆಣ್ಣಿನ ಕಡಿಯವರು ಯಾರು? ನಾಳೆ ಏನಾರ ಆದ್ರ ಯಾರ ಕೂಡ ಮಾತಾಡಬೇಕು ನಾವು?’ ಆ ಪ್ರಶ್ನೆಯ ಒಳಗೆ ಜಾತಿಯ ಪ್ರಶ್ನೆಯೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಸಭೆಯೊಳಗೆ ಜಾತಿ ಇರಬಾರದು ಎಂದು ಮಿಷನ್ ಕಾಲದಿಂದ ಹೇಳಿಕೊಂಡು ಬಂದಿದ್ದೇವೆ, ಆದರೂ ಮದುವೆಯ ಮಾತು ಬಂದಾಗ ಅದು ಎಲ್ಲಿಂದಲೋ ತಲೆ ಹಾಕುತ್ತದೆ. ಆಗ ನಮ್ಮ ಕಮಿಟಿಯ ಹಿರಿಯರೊಬ್ಬರು ಎದ್ದು ನಿಂತು ‘ಈಕಿ ನಮ್ಮ ಸಭೆಯ ಮಗಳು. ನಾವ ಈಕಿ ತವರು. ಮಾತಾಡೂದಿದ್ರ ನಮ್ಮ ಕೂಡ ಮಾತಾಡ್ರಿ’ ಎಂದರು. ಎಲ್ಲರಿಗೂ ಹೃದಯ ತುಂಬಿ ಬಂತು. ಮದುವೆಯ ದಿನ ಅದೇ ಹಿರಿಯರು ಅವಳ ಕೈ ಹಿಡಿದು ದೇವಾಲಯದೊಳಗೆ ಕರೆದುಕೊಂಡು ಬಂದರು. ಸ್ತ್ರೀಯರ ಕೂಟದವರು ಉಡಿ ತುಂಬಿ ಕಳಿಸಿದೆವು.

ತೊಡಕು ಎಲ್ಲಿ ಬಂತು

ಮದುವೆಯಾಗಿ ಎರಡನೆಯ ವರ್ಷ ಬಸುರಿಯಾದಳು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲೇ. ಕುಬಸ, ಅಂದರೆ ಸೀಮಂತ, ಮಾಡಿ, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಏಳನೆಯ ತಿಂಗಳಿಗೋ ಒಂಬತ್ತಕ್ಕೋ ಕರೆದುಕೊಂಡು ಹೋಗುತ್ತಾರೆ. ಕ್ರೈಸ್ತರಲ್ಲೂ ಇದು ಹಾಗೇ ನಡೆಯುತ್ತದೆ, ಆರತಿಯ ಬದಲು ಪ್ರಾರ್ಥನೆ ಇರುತ್ತದೆ ಅಷ್ಟೆ. ಹೆರಿಗೆಯಾದ ಮೇಲೆ ಮೂರರಿಂದ ಐದು ತಿಂಗಳು ಬಾಣಂತನ. ಎಣ್ಣೆ-ನೀರು, ಸಬ್ಬಸಗಿ ಪಲ್ಯ, ಅಳವಿ ಪಾಯಸ, ಅಂಟಿನ ಉಂಡಿ, ಹೊಗೆ ಹಾಕುವುದು, ಮಗುವಿನ ಆರೈಕೆ, ತಾಯಿಗೆ ನಿದ್ದೆ. ಒಬ್ಬರು ಇಪ್ಪತ್ನಾಲ್ಕು ತಾಸು ಮೈಮೇಲೆ ಹಾಕಿಕೊಂಡು ಮಾಡುವ ಕೆಲಸ ಅದು. ಬಾಣಂತನ ಮಾಡಿದವರಿಗೆ ಗೊತ್ತು.

ಅತ್ತೆ ಕೇಳಿದರು, ‘ಕುಬಸ ಯಾವಾಗ ಮಾಡ್ತಾರ ನಿಮ್ಮ ಕಡೆಯವರು?’ ಅತ್ತೆಯನ್ನು ಕೆಟ್ಟವರು ಎಂದುಕೊಳ್ಳಬೇಡಿ. ಅವರ ಗಂಡನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಅವರನ್ನು ಎತ್ತಿ ಇಳಿಸುವಷ್ಟರಲ್ಲೇ ಆ ತಾಯಿಯ ಮೊಣಕಾಲು ಹೋಗಿತ್ತು. ಅದರ ಮೇಲೆ ಒಂದು ಬಾಣಂತನ ಅವರಿಂದ ಆಗುವಂತೆಯೇ ಇರಲಿಲ್ಲ. ಮಾತುಕತೆಯ ದಿನ ಒಪ್ಪಿಕೊಂಡದ್ದನ್ನೇ ಅವರು ಕೇಳಿದ್ದು.

ಹುಡುಗಿ ಒಂದು ತಿಂಗಳು ಯಾರಿಗೂ ಹೇಳಲಿಲ್ಲ. ನಮ್ಮ ಕೂಟದಲ್ಲಿ ಯಾರೋ ಸಹಜವಾಗಿ ‘ಕುಬಸ ಯಾವಾಗವಾ?’ ಎಂದಾಗ ಅವಳು ತಲೆ ತಗ್ಗಿಸಿ ‘ನೀವ ಹೇಳಬೇಕ್ರಿ’ ಎಂದಳು. ಕೂಟ ಮುಗಿಸಿ ಚಹಾ ಕುಡಿಯುತ್ತಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಾತು ಕೊಟ್ಟದ್ದು ನಿಜ. ಆ ಮಾತಿಗೆ ವಿಳಾಸ ಇರಲಿಲ್ಲ.

ಮೊದಲು ಮಾಡಿದ್ದು

ವಿಷಯ ಕಮಿಟಿಗೆ ಹೋಯಿತು. ಕಮಿಟಿಯಲ್ಲಿ ಮೊದಲು ಬಂದ ಯೋಚನೆ ದುಡ್ಡಿನದು. ವಿಶೇಷ ಕಾಣಿಕೆ ಎತ್ತೋಣ, ಒಳ್ಳೆಯ ಆಸ್ಪತ್ರೆಗೆ ಸೇರಿಸೋಣ, ಬಾಣಂತನಕ್ಕೆ ಒಬ್ಬ ಆಯಾ ಇಡೋಣ. ಒಂದೇ ಭಾನುವಾರದಲ್ಲಿ ಸಾಕಷ್ಟು ಹಣ ಕೂಡಿತು. ನಮ್ಮ ಜನ ಕೊಡುವುದರಲ್ಲಿ ಯಾವತ್ತೂ ಹಿಂದೆ ಬಿದ್ದವರಲ್ಲ. ಸಭೆಯ ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ಬೆಳೆಯ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಎಷ್ಟು ಕೂಗುತ್ತಾರೆ ಎಂದು ನೋಡಿದವರಿಗೆ ಇದು ಗೊತ್ತಿರುತ್ತದೆ. ಆದರೆ ಹಣದ ಕವರನ್ನು ಹುಡುಗಿಯ ಕೈಗೆ ಕೊಡಲು ಹೋದ ಟೀಚರಮ್ಮನಿಗೆ ಅವಳು ಹೇಳಿದ್ದು ಇಷ್ಟು: ‘ರೊಕ್ಕ ನನ್ನ ಕಡೆ ಅದಾವ ಟೀಚರ್. ನನಗ ಪಗಾರದ ರಜಾನೂ ಸಿಗ್ತದ. ಹೋಗಾಕ ಮನಿ ಇಲ್ಲ.’ ಅವಳಿಗೆ 26 ವಾರದ ಹೆರಿಗೆ ರಜೆ ಸಿಗುವುದಿತ್ತು, 2017ರ ತಿದ್ದುಪಡಿಯಾದಾಗಿನಿಂದ ಕಾನೂನಿನಲ್ಲಿ ಇರುವಷ್ಟೇ. ಗಂಡನೂ ದುಡಿಯುತ್ತಿದ್ದ. ಕೊರತೆ ಇದ್ದ ಕಡೆ ನಾವು ಕೈ ಇಟ್ಟಿರಲೇ ಇಲ್ಲ.

ಟೀಚರಮ್ಮ ಎಂದರೆ ನಿವೃತ್ತ ಶಾಲಾ ಶಿಕ್ಷಕಿ, ವಿಧವೆ, ಮಗ-ಸೊಸೆಯ ಜೊತೆ ಇರುವವರು. ಮುಂದೆ ಅವರೇ ಈ ಪ್ರಕರಣದ ಮುಖ್ಯ ಮನುಷ್ಯರು.

ಎರಡನೆಯ ಪ್ರಯತ್ನ ಪಾಳಿ. ದೇವಾಲಯದ ಹಿಂದೆ ಹಳೆಯ ಬೋರ್ಡಿಂಗ್ ಕಟ್ಟಡದ ಒಂದು ಕೋಣೆ ಖಾಲಿ ಇತ್ತು. ಸುಣ್ಣ ಹಚ್ಚಿಸಿ, ಗ್ಯಾಸ್ ಒಲೆ ಇಟ್ಟು, ಮಂಚ ಹಾಕಿ ಚಂದ ಮಾಡಿದೆವು. ಒಬ್ಬಾಕೆ ಹೊಸ ಕೌದಿ ಹೊಲಿಸಿ ಕೊಟ್ಟಳು. ಕುಬಸವೂ ಜೋರಾಗಿಯೇ ಆಯಿತು. ಒಂದೊಂದು ಮನೆಯವರು ಒಂದೊಂದು ದಿನ ಡಬ್ಬಿ ಕಳಿಸುವುದು, ರಾತ್ರಿ ಯಾರಾದರೂ ಬಂದು ಮಲಗುವುದು ಎಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದೆವು. ಯಾರ ಮೇಲೂ ಭಾರ ಬೀಳದ ಹಾಗೆ, ಎಲ್ಲರಿಗೂ ಸೇವೆ ಸಿಗುವ ಹಾಗೆ. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ನ್ಯಾಯವಾದ ವ್ಯವಸ್ಥೆ ಇಲ್ಲ, ಅಲ್ವಾ?

ನಡೆದದ್ದು ಬೇರೆ. ಭಾನುವಾರ ಐದು ಡಬ್ಬಿ ಬರುತ್ತಿದ್ದವು, ಮಂಗಳವಾರ ಒಂದೂ ಇಲ್ಲ. ಮಂಗಳವಾರದವರ ಮನೆಯಲ್ಲಿ ಜ್ವರ, ಅವರು ಬುಧವಾರದವರಿಗೆ ಹೇಳಿದ್ದರು, ಬುಧವಾರದವರು ಮರೆತರು. ನೋಡಲು ಬಂದವರೆಲ್ಲ ಪ್ರಾರ್ಥನೆ ಮಾಡಿ ಹೋಗುತ್ತಿದ್ದರು. ಬಸುರಿ ಎದ್ದು ಕೂತು, ಸೆರಗು ಹೊದ್ದು, ಚಹಾ ಮಾಡಿ ಕೊಟ್ಟು, ಕಪ್ಪು ತೊಳೆದಿಡಬೇಕು. ದಿನಕ್ಕೆ ನಾಲ್ಕು ಸಲ. ಅವಳ ಬಾಯಿಂದ ‘ಸಾಕಾತು’ ಎಂಬ ಮಾತು ಬರಲು ಸಾಧ್ಯವಿರಲಿಲ್ಲ. ಉಪಕಾರ ಪಡೆದವರು ಬೇಸರ ತೋರಿಸಬಾರದು ಎಂದು ಎಲ್ಲರೂ ಕಲಿಸಿರುತ್ತೇವಲ್ಲ. ತವರಿಗೆ ಬಂದ ಮಗಳು ಸಿಟ್ಟು ಮಾಡುತ್ತಾಳೆ, ಇದು ಬೇಡ ಅದು ಬೇಕು ಎನ್ನುತ್ತಾಳೆ, ಮಧ್ಯಾಹ್ನ ಎರಡರವರೆಗೆ ಮಲಗುತ್ತಾಳೆ. ಈ ಹುಡುಗಿ ಆ ಕೋಣೆಯಲ್ಲಿ ನಮಗೆ ಅತಿಥಿ ಸತ್ಕಾರ ಮಾಡುತ್ತಿದ್ದಳು.

ಆಮೇಲೆ ಒಂದು ರಾತ್ರಿ. ಮಲಗಲು ಬರಬೇಕಾದವರು ಬಂದಿರಲಿಲ್ಲ. ಗಂಡ ಕೆಲಸದ ಮೇಲೆ ಬೇರೆ ಊರಲ್ಲಿದ್ದ. ಅವಳಿಗೆ ತಲೆ ಸಿಡಿಯುವ ನೋವು ಬಂತು, ಕಣ್ಣು ಮಂಜಾಯಿತು, ಕಾಲು ಆಗಲೇ ಬಾತಿದ್ದವು. ಅವಳು ನರ್ಸ್, ಇದು ಬಿ.ಪಿ. ಏರಿದ್ದು ಎಂದು ಅವಳಿಗೆ ಗೊತ್ತಾಗದೇ ಇರುತ್ತದೆಯೇ? ಆರನೆಯ ತಿಂಗಳು ದಾಟಿದವರಲ್ಲಿ ಈ ಲಕ್ಷಣಗಳು ಕಂಡರೆ ಬೆಳಗಾಗುವವರೆಗೆ ಕಾಯಬಾರದು ಎಂದೂ ಗೊತ್ತಿತ್ತು. ಗೋಡೆಯ ಮೇಲಿನ ಹಾಳೆಯಲ್ಲಿ ಹದಿನಾಲ್ಕು ಫೋನ್ ನಂಬರ್ ಇದ್ದವು. ಯಾರಿಗೆ ಮಾಡಲಿ, ಇವರು ಮಲಗಿರುತ್ತಾರೆ, ಅವರ ಮನೆಯಲ್ಲಿ ಪರೀಕ್ಷೆಗೆ ಓದುವ ಮಗ ಇದ್ದಾನೆ ಎಂದು ಹಾಳೆಯ ಮುಂದೆ ನಿಂತೇ ಇದ್ದಳಂತೆ. ಕೊನೆಗೆ ಹದಿನಾಲ್ಕರಲ್ಲಿ ಒಬ್ಬರಿಗೂ ಮಾಡಲಿಲ್ಲ. ಆಸ್ಪತ್ರೆಯಲ್ಲಿ ತನ್ನ ಜೊತೆ ಕೆಲಸ ಮಾಡುವ, ನಮ್ಮ ಸಭೆಗೆ ಸೇರದ ಗೆಳತಿಗೆ ಮಾಡಿದಳು. ಆಕೆ ಆಂಬುಲೆನ್ಸ್ ತಂದು ಸೇರಿಸಿದಳು. ದೇವರ ದಯೆ, ಬಿ.ಪಿ. ಹಿಡಿತಕ್ಕೆ ಬಂತು, ತಾಯಿ ಮಗು ಇಬ್ಬರೂ ಉಳಿದರು.

ಟೀಚರಮ್ಮನ ಮನೆ

ಆ ವಾರದ ಕಮಿಟಿಗೆ ಟೀಚರಮ್ಮನೂ ಬಂದರು, ಕರೆಯದೇ. ಕಮಿಟಿಯವರು ಪಾಳಿಯನ್ನು ಇನ್ನೂ ಬಿಗಿ ಮಾಡುವ ಮಾತಾಡುತ್ತಿದ್ದರು. ಟೀಚರಮ್ಮ ಕೈ ಎತ್ತಿ ‘ಹಾಳಿ ಹರದು ಹಾಕ್ರಿ’ ಎಂದರು. ‘ಎಲ್ಲಾರ ಮನಿ ಅಂದ್ರ ಯಾರ ಮನೀನೂ ಅಲ್ಲ. ಆಕಿ ನನ್ನ ಮನಿಗೆ ಬರ್ಲಿ.’ ಆಮೇಲೆ ಬೈಬಲಿನ ಯೋಹಾನನ ಸುವಾರ್ತೆಯ 19ನೆಯ ಅಧ್ಯಾಯ ತೆಗೆದು ಓದಿದರು. ಶಿಲುಬೆಯ ಮೇಲಿದ್ದ ಯೇಸು ತನ್ನ ತಾಯಿಯನ್ನು ಶಿಷ್ಯರೆಲ್ಲರ ಕೈಗೆ ಒಟ್ಟಾಗಿ ಒಪ್ಪಿಸಲಿಲ್ಲ. ಒಬ್ಬ ಶಿಷ್ಯನನ್ನು ನೋಡಿ ಹೇಳಿದ. ಅವನು ಅಂದಿನಿಂದ ಆಕೆಯನ್ನು ತನ್ನ ಮನೆಯಲ್ಲಿ ಇಟ್ಟುಕೊಂಡ. ನಾವೆಲ್ಲ ಶುಭ ಶುಕ್ರವಾರದ ಪ್ರಸಂಗದಲ್ಲಿ ಎಷ್ಟು ಸಲ ಕೇಳಿದ್ದೇವೆ ಈ ಮಾತನ್ನು! ಅದರಲ್ಲಿ ಒಂದು ಮನೆ ಇದೆ ಎಂದು ಅವತ್ತು ಕಂಡಿತು.

ಟೀಚರಮ್ಮ ಹೇಳಿದ ತಕ್ಷಣ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವರ ಮಗ ಒಪ್ಪಲಿಲ್ಲ. ಮನೆ ಸಣ್ಣದು, ಒಂದೇ ಬಚ್ಚಲು. ಏನಾದರೂ ಹೆಚ್ಚುಕಮ್ಮಿಯಾದರೆ ಹುಡುಗನ ಕಡೆಯವರಿಗೆ ಯಾರು ಉತ್ತರ ಕೊಡುವುದು ಎಂಬ ಭಯವೂ ಇತ್ತು. ಆ ಭಯ ತಪ್ಪಲ್ಲ. ಬಾಗಿಲು ತೆರೆಸಿದವಳು ಸೊಸೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿಕೊಂಡಳು, ಆದರೆ ಷರತ್ತು ಹಾಕಿದಳು. ಹೇಳದೆ ಕೇಳದೆ ಯಾರೂ ಪ್ರಾರ್ಥನೆಗೆಂದು ಬರಬಾರದು, ವಾರಕ್ಕೆ ಒಂದೇ ದಿನ, ಸಂಜೆ ಒಂದು ತಾಸು. ಬಂದವರು ಚಹಾ ನಿರೀಕ್ಷೆ ಮಾಡಬಾರದು. ಸಾಮಾನಿನ ಖರ್ಚಿಗೆ ಎತ್ತಿದ ಕಾಣಿಕೆಯಿಂದಲೇ ಹಣ, ಚೀಟಿ ತೋರಿಸಿ ತೆಗೆದುಕೊಳ್ಳುತ್ತೇನೆ. ನಾನು ತಿಂಗಳಿಗೆ ಎರಡು ದಿನ ನನ್ನ ತವರಿಗೆ ಹೋಗಿ ಬರುತ್ತೇನೆ, ಆ ಎರಡು ದಿನಕ್ಕೆ ಯಾರು ಬರುತ್ತೀರಿ, ಈಗಲೇ ಹೆಸರು ಹೇಳಿ. ಕೆಲವರಿಗೆ ಇದು ಖಾರವಾಗಿ ಕೇಳಿಸಿತು. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದಲ್ಲಿ ತುಂಬ ತಿಳಿದು ಆಡಿದ ಮಾತುಗಳು ಇವೇ. ತನ್ನ ಶಕ್ತಿ ಎಷ್ಟು ಎಂದು ಮೊದಲೇ ಹೇಳಿಕೊಂಡವಳು ಕೊನೆಯವರೆಗೂ ಮಾಡಿದಳು.

ಸಭೆ ಕೈ ತೊಳೆದುಕೊಳ್ಳಲಿಲ್ಲ. ಕೆಲಸದ ಆಕಾರ ಬದಲಾಯಿತು ಅಷ್ಟೆ. ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಒಬ್ಬ ಆಟೋ ಡ್ರೈವರ್, ಅವರು ನಮ್ಮ ಸಭೆಯವರೇ, ಫೋನ್ ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗುತ್ತೇನೆ ಎಂದರು. ವಾರದ ಕಾಯಿಪಲ್ಯ ಒಬ್ಬರದು. ಬಟ್ಟೆ ಒಗೆಯಲು ಒಬ್ಬರನ್ನು ಗೊತ್ತು ಮಾಡಿ ಅವರ ಸಂಬಳ ಕಮಿಟಿಯದು. ಅತ್ತೆಯ ಮನೆಗೂ ಒಬ್ಬರು ವಾರಕ್ಕೊಮ್ಮೆ ಹೋಗಿ ಆ ಹಾಸಿಗೆ ಹಿಡಿದ ಮಾವನ ಹತ್ತಿರ ಒಂದು ಮಧ್ಯಾಹ್ನ ಕೂತು ಬಂದರು, ಅತ್ತೆ ಆ ಹೊತ್ತಿನಲ್ಲಿ ಸೊಸೆಯನ್ನು ನೋಡಲು ಬರಬಹುದಿತ್ತು. ಎಲ್ಲರೂ ಹೇಳುವುದು ಟೀಚರಮ್ಮನಿಗೆ, ನೇರವಾಗಿ ಹುಡುಗಿಗೆ ಅಲ್ಲ.

ಅಪೊಸ್ತಲರ ಕೃತ್ಯಗಳು 6ನೆಯ ಅಧ್ಯಾಯ ನೆನಪಿಗೆ ಬರುತ್ತದೆ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟದ ಹಂಚಿಕೆಯಲ್ಲಿ ಲೋಪವಾಗುತ್ತಿದೆ ಎಂದು ಗುಣುಗುಟ್ಟುವಿಕೆ ಎದ್ದಾಗ ಅಪೊಸ್ತಲರು ‘ಎಲ್ಲರೂ ಹೆಚ್ಚು ಪ್ರೀತಿ ಮಾಡಿ’ ಎಂದು ಪ್ರಸಂಗ ಮಾಡಿ ಮುಗಿಸಲಿಲ್ಲ. ಏಳು ಜನರನ್ನು ಆರಿಸಲು ಹೇಳಿದರು. ಸ್ತೆಫನ, ಫಿಲಿಪ್ಪ ಎಂದು ಏಳೂ ಹೆಸರುಗಳು ಅಲ್ಲಿ ಬರೆದಿವೆ, ಏಳೂ ಗ್ರೀಕ್ ಹೆಸರುಗಳು. ಅಂದರೆ ನೋವು ಯಾರ ಕಡೆಯದೋ ಅವರ ಕಡೆಯವರ ಕೈಗೇ ಹಂಚಿಕೆ ಹೋದಂತೆ ಕಾಣುತ್ತದೆ. ನಮ್ಮಲ್ಲಿ ಆ ಭಾಗ ಇನ್ನೂ ಆಗಿಲ್ಲ. ಮೊದಲ ತಲೆಮಾರಿನ ವಿಶ್ವಾಸಿಗಳು ಒಬ್ಬರೂ ಕಮಿಟಿಯಲ್ಲಿಲ್ಲ. ಇದ್ದಿದ್ದರೆ ಆ ಕವರು ಹೋಗುವ ಮುಂಚೆಯೇ ಅವರು ತಡೆಯುತ್ತಿದ್ದರು.

ಹಡೆದವ್ವ

ಕಷ್ಟದ ತೀರ್ಮಾನ ಇದು. ಟೀಚರಮ್ಮ ಒಂದು ದಿನ ಹುಡುಗಿಯ ತಲೆಗೆ ಎಣ್ಣೆ ಹಚ್ಚುತ್ತಾ ‘ನಿನ್ನ ಹಡೆದವ್ವಗ ಗೊತ್ತೈತೇನು?’ ಎಂದು ಕೇಳಿದರು. ಇಲ್ಲ. ‘ಹೇಳಬೇಕು ಅನಸ್ತೈತೇನು?’ ಹುಡುಗಿ ಎರಡು ದಿನ ಬಿಟ್ಟು ಹೌದು ಎಂದಳು.

ಕಮಿಟಿಗೆ ವಿಷಯ ತಿಳಿದಾಗ ಹೆದರಿಕೆ ಹುಟ್ಟಿತು. ರಾಜ್ಯದಲ್ಲಿ 2022ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಂದಿತ್ತು. ಮತಾಂತರದ ಬಗ್ಗೆ ತಂದೆತಾಯಿ, ಅಣ್ಣತಮ್ಮಂದಿರು ಕೂಡ ದೂರು ಕೊಡಬಹುದು ಎಂದು ಅದರಲ್ಲಿತ್ತು. ಅವಳ ದೀಕ್ಷಾಸ್ನಾನ ಆ ಕಾಯ್ದೆಗೆ ಮುಂಚಿನದು, ಅವಳೇ ಕೇಳಿಕೊಂಡು ಪಡೆದದ್ದು. ಆದರೂ ‘ಮಲಗಿದ್ದನ್ನ ಯಾಕ ಎಬ್ಬಸ್ತೀರಿ’ ಎಂದರು ಕೆಲವರು. ಇನ್ನು ಕೆಲವರಿಗೆ ಬೇರೆ ಚಿಂತೆ. ಹಡೆದವ್ವ ಬಂದರೆ ಹುಡುಗಿಯ ಮನಸ್ಸು ತಿರುಗಿದರೆ? ಇದಕ್ಕೆ ಅಯ್ಯನವರು ಕೊಟ್ಟ ಉತ್ತರ ನನಗೆ ಇವತ್ತಿಗೂ ಸರಿ ಎನಿಸುತ್ತದೆ. ತಾಯಿಯನ್ನು ದೂರ ಇಟ್ಟು ಉಳಿಸಿಕೊಳ್ಳಬೇಕಾದ ವಿಶ್ವಾಸ ಆದರೆ ಅದು ನಮ್ಮದು, ಅವಳದಲ್ಲ, ಎಂದರು. ತನ್ನ ಸ್ವಂತದವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ಬಿಟ್ಟವನು ಎಂದು ಪೌಲ ತಿಮೊಥೆಯನಿಗೆ ಬರೆದದ್ದನ್ನೂ ನೆನಪಿಸಿದರು. ‘ನನ್ನ ತಾಯಿ ಯಾರು, ನನ್ನ ಅಣ್ಣತಮ್ಮಂದಿರು ಯಾರು’ ಎಂದು ಮಾರ್ಕನ 3ನೆಯ ಅಧ್ಯಾಯದಲ್ಲಿ ಕೇಳಿದ ಯೇಸುವೇ ಸಾಯುವ ಹೊತ್ತಿನಲ್ಲಿ ಹಡೆದ ತಾಯಿಗೆ ಮನೆ ಗೊತ್ತು ಮಾಡಿದ. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ಓದು ಅರ್ಧ ಆಗುತ್ತದೆ.

ಹೇಗೆ ಹೇಳುವುದು ಎಂಬುದೂ ಯೋಚಿಸಿ ಮಾಡಿದ ಕೆಲಸ. ಅಯ್ಯನವರು ಹೋಗಲಿಲ್ಲ, ಕಮಿಟಿ ಹೋಗಲಿಲ್ಲ. ಹುಡುಗಿ ತನ್ನ ಚಿಕ್ಕವ್ವನಿಗೆ ಫೋನ್ ಮಾಡಿದಳು, ಚಿಕ್ಕವ್ವ ಅಕ್ಕನಿಗೆ ತಿಳಿಸಿದಳು. ಆಮೇಲೆ ಟೀಚರಮ್ಮ ಮಾತಾಡಿದರು, ಒಬ್ಬ ತಾಯಿ ಇನ್ನೊಬ್ಬ ತಾಯಿಯ ಹತ್ತಿರ ಮಾತಾಡಿದ ಹಾಗೆ. ‘ನಿಮ್ಮ ಮಗಳು ನನ್ನ ಮನಿಯಾಗ ಅದಾಳ. ಬಾಣಂತನ ನಾ ಮಾಡ್ತೀನಿ. ನೀವು ಬಂದ್ರ ನೀವ ಮಾಡ್ರಿ, ನಾ ಬಾಜೂಕ ಕೂಡ್ತೀನಿ.’ ಆ ಕಡೆಯಿಂದ ಬಹಳ ಹೊತ್ತು ಮಾತೇ ಇಲ್ಲ. ಆಮೇಲೆ ‘ಬೆಲ್ಲ ಎಷ್ಟು ತರ್ಲಿ?’ ಎಂದರು.

ಹೆಣ್ಣು ಮಗು ಹುಟ್ಟಿತು. ಹಡೆದವ್ವ ಸಂತೆಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದರು. ಕೈಯಲ್ಲಿ ಒಂದು ಚೀಲ. ಅದರಲ್ಲಿ ಅಂಟಿನ ಉಂಡಿ, ಒಣಕೊಬ್ಬರಿ, ತಮ್ಮ ಹಳೆಯ ಸೀರೆ ಹರಿದು ಮಡಚಿದ ಮೆತ್ತನೆಯ ಅರಿವೆ. ಬಂದವರೇ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲಿನ ಮೇಲೆ ಬೋರಲು ಮಲಗಿಸಿಕೊಂಡರು. ಅಂಗೈಯಲ್ಲಿ ಎಣ್ಣೆ ಬಿಸಿ ಮಾಡಿ ಬೆನ್ನು ತಿಕ್ಕಿದರು, ನೆತ್ತಿಗೆ ಒತ್ತಿದರು, ಒಂದೊಂದೇ ತಂಬಿಗೆ ನೀರು ಎರೆದರು. ಟೀಚರಮ್ಮ ನೀರಿನ ಕಾವು ನೋಡಿ ಬೆರೆಸಿ ಕೊಡುತ್ತಿದ್ದರು. ಇಬ್ಬರೂ ಮಾತಾಡಿದ್ದೆಲ್ಲ ನೀರಿನ ವಿಷಯ. ಬಿಸಿ ಆತೇನು, ಇನ್ನೊಂದು ತಂಬಿಗೆ, ಸಾಕು.

ಆಮೇಲೆ ಅವರು ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟರು, ಕಾಲಿಗೆ ಕರಿ ದಾರ ಕಟ್ಟಿದರು. ಇದು ಸಭೆಯಲ್ಲಿ ಸಣ್ಣ ಗದ್ದಲ ಎಬ್ಬಿಸಿತು. ಕ್ರೈಸ್ತರ ಮನೆಯಲ್ಲಿ ಕರಿ ದಾರ ಏಕೆ, ಬಿಚ್ಚಿ ಎಂದರು ಒಬ್ಬರು. ಬಿಚ್ಚಬೇಕೋ ಬೇಡವೋ ಎಂಬುದು ಮಗುವಿನ ತಂದೆತಾಯಿಗೆ ಸೇರಿದ್ದು ಎಂದು ಟೀಚರಮ್ಮ ಅಲ್ಲಿಗೇ ನಿಲ್ಲಿಸಿದರು. ಹುಡುಗಿ ಕೆಲವು ವಾರ ಬಿಟ್ಟು, ದಾರ ಹಳತಾದಾಗ, ತಾನೇ ಬಿಚ್ಚಿದಳು. ಅವ್ವನಿಗೂ ಹೇಳಿದಳು. ಅವ್ವ ಸಿಟ್ಟಾಗಲಿಲ್ಲ, ಬೊಟ್ಟು ಮಾತ್ರ ಇಡುತ್ತೇನೆ ಎಂದರು.

ಏನಾಯಿತು, ಏನು ಉಳಿಯಿತು

ನಾಲ್ಕು ತಿಂಗಳ ಬಾಣಂತನ ಆ ಸಣ್ಣ ಮನೆಯಲ್ಲೇ ಮುಗಿಯಿತು. ಹಡೆದವ್ವ ಆಗಾಗ ಬಂದು ಹೋಗುತ್ತಿದ್ದರು. ಅಪ್ಪ ಇವತ್ತಿಗೂ ಬಂದಿಲ್ಲ, ಮಗುವಿನ ಫೋಟೋ ಮಾತ್ರ ಚಿಕ್ಕವ್ವನ ಫೋನಿನಲ್ಲಿ ನೋಡಿದ್ದಾರೆ ಎಂದು ಗೊತ್ತಾಗಿದೆ. ಮಗುವಿನ ದೀಕ್ಷಾಸ್ನಾನಕ್ಕೆ ಹಡೆದವ್ವನನ್ನು ಕರೆದರು, ಅವರು ಬರಲಿಲ್ಲ. ಅದನ್ನು ಯಾರೂ ಒತ್ತಾಯ ಮಾಡಲಿಲ್ಲ. ಕರೆದುಕೊಂಡು ಹೋಗಲು ಅತ್ತೆ ಬಂದಾಗ ಟೀಚರಮ್ಮನ ಮಗ, ಮೊದಲು ಬೇಡ ಎಂದವನೇ, ತೊಟ್ಟಿಲು ಹೊತ್ತು ಆಟೋದಲ್ಲಿ ಇಟ್ಟ. ಈಗ ಹುಡುಗಿ ಆ ಮನೆಗೆ ಹೇಳದೆ ಬರುತ್ತಾಳೆ, ಬಂದು ಮಧ್ಯಾಹ್ನದವರೆಗೆ ಮಲಗುತ್ತಾಳೆ, ಸಾರಿಗೆ ಉಪ್ಪು ಕಮ್ಮಿ ಎನ್ನುತ್ತಾಳೆ. ಸೊಸೆಯ ಜೊತೆ ಒಂದೆರಡು ಸಲ ಜಗಳವೂ ಆಗಿದೆ. ಇದನ್ನು ಕೇಳಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಬೋರ್ಡಿಂಗ್ ಕೋಣೆಯಲ್ಲಿ ಚಹಾ ಮಾಡಿ ಕೊಡುತ್ತಿದ್ದ ಹುಡುಗಿ ಯಾರ ಜೊತೆಗೂ ಜಗಳ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ.

ಪೌಲ ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ರೂಫನಿಗೂ ಅವನ ತಾಯಿಗೂ ವಂದನೆ ಹೇಳುತ್ತಾನೆ, ಆಕೆ ನನಗೂ ತಾಯಿ ಎನ್ನುತ್ತಾನೆ. ಆಕೆ ಅವನಿಗೆ ಏನು ಮಾಡಿಕೊಟ್ಟಳು ಎಂದು ಅಲ್ಲಿ ಇಲ್ಲ. ಆದರೆ ಅಷ್ಟು ದೊಡ್ಡ ಪತ್ರದಲ್ಲಿ, ಅಷ್ಟು ದೊಡ್ಡ ವಿಷಯಗಳಾದ ಮೇಲೆ, ಅವನಿಗೆ ಒಂದು ಮನೆಯ ಒಬ್ಬ ಹೆಂಗಸು ನೆನಪಾದಳು. ಮನೆ ಬಿಟ್ಟವರಿಗೆ ನೂರರಷ್ಟು ಮನೆ, ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಂದಿರು ಸಿಗುತ್ತಾರೆ ಎಂದು ಮಾರ್ಕನ 10ನೆಯ ಅಧ್ಯಾಯದಲ್ಲಿ ಯೇಸು ಕೊಟ್ಟ ಮಾತಿದೆಯಲ್ಲ, ಆ ನೂರು ಮನೆಗಳು ನಮ್ಮ ಮನೆಗಳೇ ಆಗಬೇಕು. ಬೇರೆ ಎಲ್ಲಿಂದ ಬರುತ್ತವೆ?

ನಮ್ಮ ಕಮಿಟಿ ಈಗ ಒಂದು ಪದ್ಧತಿ ಇಟ್ಟುಕೊಂಡಿದೆ. ಮನೆಯವರ ಆಸರೆ ಇಲ್ಲದ ಹುಡುಗಿಗೋ ಹುಡುಗನಿಗೋ ಸಭೆಯ ಕಡೆಯಿಂದ ಹಿರಿಯರು ನಿಲ್ಲುವ ಮುಂಚೆ ಯಾವ ಮನೆ ಎಂದು ಕೇಳುತ್ತಾರೆ. ಆ ಮನೆಯವರೆಲ್ಲ, ಸೊಸೆಯಂದಿರೂ ಸೇರಿ, ಒಪ್ಪಿದ್ದಾರೆಯೇ ಎಂದು ಕೇಳುತ್ತಾರೆ. ಹುಟ್ಟಿದ ಮನೆಯ ಜೊತೆ ಮಾತು ಇದೆಯೇ, ಅವರಿಗೆ ತಿಳಿಸಬೇಕೇ ಬೇಡವೇ ಎಂದು ಅವರನ್ನೇ ಕೇಳಿ ಅವರು ಹೇಳಿದಂತೆ ಮಾಡುತ್ತಾರೆ. ಮನೆಯ ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆಯುತ್ತಾರೆ. ಕಳೆದ ಒಂದು ಮದುವೆಯಲ್ಲಿ ಮನೆ ಸಿಗುವವರೆಗೆ ಹಿರಿಯರು ಮಾತುಕತೆಗೆ ಹೋಗಲಿಲ್ಲ, ಒಂದು ತಿಂಗಳು ತಡವಾಯಿತು, ಹುಡುಗನ ಕಡೆಯವರು ಗೊಣಗಿದರು. ಆದರೂ ಕಾದದ್ದು ಒಳ್ಳೆಯದೇ ಆಯಿತು.

ಮದುವೆ, ಮಗು ಎಂದರೆ ಜನ ಮುಂದೆ ಬರುತ್ತಾರೆ. ಹಳೆಯ ಬೋರ್ಡಿಂಗಿನಲ್ಲಿ ಅಡುಗೆ ಮಾಡಿಕೊಂಡಿದ್ದ ಒಬ್ಬ ಅಜ್ಜ ನಮ್ಮ ಸಭೆಯಲ್ಲಿದ್ದಾರೆ. ಮದುವೆಯಾಗಿಲ್ಲ, ನೆಂಟರಿಲ್ಲ, ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ನಮ್ಮಲ್ಲಿ ಎಷ್ಟೋ ಜನ ಚಿಕ್ಕವರಿದ್ದಾಗ ಅವರ ಕೈಯ ಅನ್ನ ಉಂಡವರು. ಅವರಿಗೂ ಪಾಳಿ ಹಾಳೆಯೇ ನಡೆಯುತ್ತಿದೆ. ಸ್ತ್ರೀಯರ ಕೂಟದಿಂದ ಮನೆ ಹುಡುಕುತ್ತಿದ್ದೇವೆ. ಎರಡು ಮನೆಯವರು ಆಗುವುದಿಲ್ಲ ಎಂದರು, ಅವರ ಕಾರಣಗಳು ನಿಜವಾದವೇ. ಮೂರನೆಯವರ ಮನೆಯಲ್ಲಿ ಸಂಡಾಸು ಮಹಡಿಯ ಮೇಲಿದೆ, ಕೆಳಗೆ ಒಂದು ಕಟ್ಟಿಸಿಕೊಡಲು ಎಷ್ಟಾಗುತ್ತದೆ ಎಂದು ಗೌಂಡಿಯವರನ್ನು ಕೇಳಿದ್ದೇವೆ. ಮುಂದಿನ ಕಮಿಟಿಯಲ್ಲಿ ಅದೇ ಮೊದಲ ವಿಷಯ.